ಕೂಸಿಲ್ಲದ ಬಸಿರು

ನೇತ್ರಾವತಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ತಾಳ್ಯದ ಬಸ್ ನಿಲ್ದಾಣದ ಸುತ್ತಮುತ್ತಲಿನವರಿಗೆ ಅವಳ ಹೊಲಿಗೆ ಮಿಷನ್ನಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಸಮಾಧಾನದಲ್ಲಿದ್ದರೆ ಮಿಷನ್ನು ಒಂದೇ ಹದದಲ್ಲಿ ಓಡುತ್ತಿತ್ತು. ಸಿಟ್ಟಿದ್ದರೆ ತಡೆದು ತಡೆದು, ಜಗ್ಗಿ ಜಗ್ಗಿ ಹೊಡೆದುಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ರವಿಕೆ ಬಟ್ಟೆ ತಂದ ಹೆಂಗಸರು ಹೊಸಿಲ ಹೊರಗೇ ನಿಂತು, "ನಾಳೆ ಬರ್ತೀವಿ ಬಿಡವ್ವ" ಎಂದು ತಿರುಗಿ ಹೋಗುತ್ತಿದ್ದರು. ಇಲ್ಲಿ ಹೇಳಹೊರಟ ಕಾಲದಲ್ಲಿ ಆ ಮಿಷನ್ನು ಸಮಾಧಾನದಿಂದ ಓಡಿದ್ದು ಕಡಿಮೆ.

ಅವಳ ತವರು ಹೊಸದುರ್ಗದ ಹತ್ತಿರ. ಅಲ್ಲಿಯ ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ಹೊಲಿಗೆ ಕಲಿತು, ತಾಳ್ಯದ ಪಕ್ಕದ ಹಟ್ಟಿಗೆ ಸೊಸೆಯಾಗಿ ಬಂದಿದ್ದಳು. ಗಂಡ ದಯಾನಂದ ಲಗೇಜ್ ಆಟೋ ಇಟ್ಟುಕೊಂಡು ಸಂತೆಗಳಿಗೆ ಕುರಿ ಸಾಗಿಸುತ್ತಿದ್ದ, ಕೆಲವೊಮ್ಮೆ ಹಿರಿಯೂರಿನ ಮಂಡಿಗೆ ತೆಂಗಿನಕಾಯಿ ಒಯ್ಯುತ್ತಿದ್ದ. ಮಾವ ಜುಂಜಯ್ಯ ಮಂದೆ ಕಾಯುತ್ತಲೇ ಮುದುಕನಾದವನು, ಹಟ್ಟಿಯ ಹಿರಿಯರಲ್ಲಿ ಒಬ್ಬ. ಅತ್ತೆ ಕೆಂಚಕ್ಕನ ಮಾತು ಬಿರುಸು, ಕೈ ಧಾರಾಳ. ಮದುವೆಯಾಗಿ ವರ್ಷಗಳು ಕಳೆದರೂ ನೇತ್ರಾವತಿಗೆ ಮಕ್ಕಳಾಗಿರಲಿಲ್ಲ. ಕೆಂಚಕ್ಕ ಅದನ್ನು ಬಾಯಿಬಿಟ್ಟು ಆಡಿದವಳಲ್ಲ. ಆದರೆ ಹಟ್ಟಿಯಲ್ಲಿ ಯಾರದಾದರೂ ಕೂಸನ್ನು ಎತ್ತಿಕೊಂಡಳೆಂದರೆ ಕೆಳಗಿಳಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಅದನ್ನು ನೋಡುತ್ತ ನಿಲ್ಲುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವೆಂದು ನೇತ್ರಾವತಿಗೆ ಅನ್ನಿಸುತ್ತಿತ್ತು.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಅವಳು ಬಸಿರಾದಳು. ಕೆಂಚಕ್ಕ ಕೊಡ ಎತ್ತಗೊಡಲಿಲ್ಲ, ಒಲೆಯ ಮುಂದೆ ಕೂರಗೊಡಲಿಲ್ಲ. ನೇತ್ರಾವತಿಗೆ ಮಾತ್ರ ನೀರು ಕುಡಿದರೂ ನಿಲ್ಲದಷ್ಟು ವಾಂತಿ. ತಿಂಗಳಿಗೆ ಮೀರಿ ಹೊಟ್ಟೆ ಬಂತು.

"ಅವಳಿ ಐತೆ ಕಣೇ," ಎಂದಳು ಕೆಂಚಕ್ಕ, ಕಣ್ಣರಳಿಸಿ. "ಒಂದಕ್ಕೆ ಇಷ್ಟು ಹೊಟ್ಟೆ ಬರಕಿಲ್ಲ."

ಮೂರನೇ ತಿಂಗಳು ತುಂಬುವ ಮೊದಲೇ ರಕ್ತ ಕಂಡಿತು. ದಯಾನಂದ ಅವಳನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋದ. ಅಲ್ಲಿ ಸ್ಕ್ಯಾನಿಂಗ್ ಮಾಡಿದವರು ಪರದೆಯನ್ನು ಬಹಳ ಹೊತ್ತು ನೋಡಿ, "ಮಗು ಕಾಣ್ತಿಲ್ಲಮ್ಮ, ಕೂಡ್ಲೆ ದುರ್ಗಕ್ಕೆ ಹೋಗಿ" ಎಂದರು. ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಶರಣ್ ಎಂಬ ಹೆರಿಗೆ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಬಸಿರು ನಿಂತಿದೆ, ಆದರೆ ಕೂಸು ಬೆಳೆದಿಲ್ಲ. ಕೂಸಿಗೆ ಉಣಿಸಬೇಕಾದ ಮಾಸು ತಾನೊಂದೇ ಬೆಳೆದು, ದ್ರಾಕ್ಷಿ ಗೊಂಚಲಿನಂತೆ ನೀರುಗುಳ್ಳೆಗಳಾಗಿ ಗರ್ಭಕೋಶ ತುಂಬಿಕೊಂಡಿದೆ.

"ಇದು ಯಾರು ಏನು ಮಾಡಿದ್ದಕ್ಕೂ ಬಂದದ್ದಲ್ಲ," ಎಂದರು ಶರಣ್. "ಅದನ್ನ ತೆಗೀತೀವಿ. ಆದರೆ ಅಷ್ಟಕ್ಕೇ ಮುಗೀತು ಅಂದ್ಕೋಬೇಡಿ. ಕೆಲವರಿಗೆ ಉಳಿದ ಚೂರು ಗರ್ಭಕೋಶದ ಗೋಡೆಗೆ ಇಳಿದು ಗಡ್ಡೆ ಆಗುತ್ತೆ. ಬಸುರಿಯರ ರಕ್ತದಲ್ಲಿ ಇರೋ ಹಾರ್ಮೋನನ್ನೇ ಅದೂ ಹೊರಡಿಸುತ್ತೆ. ಅದು ಪೂರ್ತಿ ಇಳಿಯೋವರೆಗೂ ವಾರ ವಾರ ರಕ್ತ ಕೊಟ್ಟು ಹೋಗಬೇಕು. ನಾವು ಹೇಳೋವರೆಗೂ ಇನ್ನೊಂದು ಬಸಿರು ಬೇಡ."

ದಯಾನಂದ ಎಲ್ಲದಕ್ಕೂ ತಲೆಯಾಡಿಸಿದ. ಹಟ್ಟಿಗೆ ಬಂದಾಗ ತಾಯಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ಅವನಿಗೆ ಬಂದ ಮಾತು ಇಷ್ಟೇ: "ಕ್ಲೀನ್ ಮಾಡಿದ್ರವ್ವ. ಆಯ್ತು." ಗೊಂಚಲಿನ ಮಾತನ್ನೂ ಗಡ್ಡೆಯ ಮಾತನ್ನೂ ಅವನು ತೆಗೆಯಲೇ ಇಲ್ಲ. ಕೂಸು ಇತ್ತು, ಡಾಕ್ಟರು ತೆಗೆದುಹಾಕಿದರು ಎಂದೇ ಕೆಂಚಕ್ಕನಿಗೂ ಜುಂಜಯ್ಯನಿಗೂ ಅರ್ಥವಾಯಿತು. ನೇತ್ರಾವತಿಗೆ ಆಗ ಮಾತಾಡುವ ತ್ರಾಣವಿರಲಿಲ್ಲ. ಗಂಡ ಎಲ್ಲವನ್ನೂ ಹೇಳಿದ್ದಾನೆಂದೇ ಅವಳು ತಿಳಿದಿದ್ದಳು.

ಅಲ್ಲಿಂದ ಮುಂದೆ ಅವಳ ಗೋಳು ಹೊರಗಿನ ಕೋಣೆಯದು. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಬೇಲಿಯಾಚೆ ಇರಬೇಕೆಂಬುದು ಅಲ್ಲಿಯ ಕಟ್ಟಳೆ. ಅದಕ್ಕೆಂದೇ ಒಂದು ಸಣ್ಣ ಕಲ್ಲಿನ ಕೋಣೆ ಇತ್ತು. ತಿಂಗಳಿಗೊಮ್ಮೆ ನಾಲ್ಕು ದಿನವಾದರೆ ನೇತ್ರಾವತಿಯೂ ಗೊಣಗದೆ ಹೋಗಿ ಇದ್ದು ಬರುತ್ತಿದ್ದಳು. ಈಗ ರಕ್ತ ನಿಲ್ಲುತ್ತಲೇ ಇರಲಿಲ್ಲ. ನಿಂತಿತು ಎಂದುಕೊಂಡು ತಲೆಗೆ ನೀರು ಹಾಕಿಕೊಂಡು ಮನೆಯೊಳಗೆ ಕಾಲಿಟ್ಟರೆ ಮರುದಿನ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಚಾಪೆ ಸುತ್ತಿ ಮತ್ತೆ ಹೊರಗೆ. ಕೆಂಚಕ್ಕ ತಟ್ಟೆ ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು. ಹಗಲು ತಾಳ್ಯದ ಅಂಗಡಿಯಲ್ಲಿ ಹೊಲಿಗೆ, ಸಂಜೆ ಆ ಕೋಣೆಯ ತಣ್ಣನೆಯ ನೆಲ. ವಾರಕ್ಕೊಮ್ಮೆ ದುರ್ಗದ ಬಸ್ಸು. ರಕ್ತ ದುರ್ಗದಲ್ಲಿ ಕೊಟ್ಟರೆ ಪರೀಕ್ಷೆಗೆ ಬೆಂಗಳೂರಿಗೆ ಹೋಗುತ್ತಿತ್ತು. ಫಲಿತಾಂಶ ಬಂತೇ ಎಂದು ಫೋನು ಮಾಡಿದರೆ, "ಇನ್ನೂ ಬಂದಿಲ್ಲ, ನಾಳೆ ಮಾಡಿ" ಎನ್ನುತ್ತಿದ್ದರು. ನಾಳೆ ಮಾಡಿದರೆ ಫೋನು ಎತ್ತುತ್ತಿರಲಿಲ್ಲ.

ಮೊದಮೊದಲು ಹಾರ್ಮೋನು ಇಳಿಯಿತು. ಆಮೇಲೆ ಇಳಿಯುವುದು ನಿಂತು, ಒಂದೇ ಕಡೆ ಕೂತುಬಿಟ್ಟಿತು. ಶರಣ್ ಡಾಕ್ಟರ ಹುಬ್ಬು ಗಂಟಿಕ್ಕಿತು.

"ಡಾಪ್ಲರ್ ಸ್ಕ್ಯಾನ್ ಬೇಕು," ಎಂದರು. "ಮಾಮೂಲಿ ಸ್ಕ್ಯಾನಿಂಗಲ್ಲಿ ಗಡ್ಡೆ ಇದೆಯಾ ಅಂತ ಕಾಣಬಹುದು, ಕಾಣದೇನೂ ಇರಬಹುದು. ಡಾಪ್ಲರಲ್ಲಿ ಗರ್ಭಕೋಶದ ರಕ್ತನಾಳದಲ್ಲಿ ರಕ್ತ ಹೆಂಗೆ ಓಡ್ತಿದೆ ಅಂತ ಗೊತ್ತಾಗುತ್ತೆ. ಗಡ್ಡೆ ಇದ್ರೆ ಅದು ರಕ್ತ ಎಳ್ಕೊಳ್ಳುತ್ತೆ. ಎಷ್ಟು ಎಳ್ಕೊಳ್ತಿದೆ ಅಂತ ನೋಡಿದ್ರೆ ಔಷಧಿಗೆ ಬಗ್ಗುತ್ತೋ ಇಲ್ವೋ ಅಂತಾನೂ ಒಂದು ಅಂದಾಜು ಸಿಗುತ್ತೆ."

ಆದರೆ ಆ ಆಸ್ಪತ್ರೆಯ ಯಂತ್ರದಲ್ಲಿ ರಕ್ತದ ಓಟ ತೋರಿಸುವ ಭಾಗವೇ ಕೆಟ್ಟಿತ್ತು. ರಿಪೇರಿಯವರು ಬರಬೇಕು, ಬರುತ್ತಾರೆ, ಮುಂದಿನ ವಾರ ಬನ್ನಿ. ಮುಂದಿನ ವಾರ ಹೋದರೆ ಯಂತ್ರ ಸರಿಯಾಗಿದೆ, ನೋಡುವ ಡಾಕ್ಟರು ರಜೆ. ಅದರ ಮುಂದಿನ ವಾರ ಡಾಕ್ಟರು ಇದ್ದಾರೆ, ಯಂತ್ರ ಮತ್ತೆ ಕೆಟ್ಟಿದೆ. ಆ ಸಲ ನೇತ್ರಾವತಿ ಕೌಂಟರಿನ ಮೇಲೆ ಕೈ ಬಡಿದಳು.

"ಯಾವ ದಿನ ಎರಡೂ ಕೂಡ್ತವೆ ಅಂತ ಹೇಳ್ರಿ ಸಾರ್! ಅವತ್ತು ಬತ್ತೀನಿ. ಇಲ್ಲಾಂದ್ರೆ ಆಗಕಿಲ್ಲ ಅಂತ ಹೇಳ್ರಿ. ನನ್ನ ಹೊಟ್ಟೆಯೊಳಗೆ ಇರೋದು ನಿಮ್ಮ ಮುಂದಿನ ವಾರಕ್ಕೆ ಕಾಯಕಿಲ್ಲ."

ಕೌಂಟರಿನವನು ತಲೆ ಎತ್ತದೆ, "ಕೂಗಾಡಬೇಡಿ ಅಮ್ಮ, ಹಿಂದೆ ಜನ ಇದ್ದಾರೆ" ಎಂದ. ಹಿಂದೆ ನಿಜವಾಗಿಯೂ ಜನ ಇದ್ದರು. ಅವರಲ್ಲಿ ಯಾರೂ ಅವಳ ಪರವಾಗಿ ಒಂದು ಮಾತಾಡಲಿಲ್ಲ. ಕಡೆಗೆ ಶರಣ್ ಡಾಕ್ಟರೇ ಹೊರಗೆ ಬಂದು, ಹಿರಿಯೂರಿನಲ್ಲಿ ಮಮತಾ ಎಂಬ ಸ್ಕ್ಯಾನಿಂಗ್ ಡಾಕ್ಟರು ಇದ್ದಾರೆ, ಅವರ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಚೀಟಿ ಹಿಡಿದು ಹಟ್ಟಿಗೆ ಬಂದರೆ ಅಲ್ಲಿ ಇನ್ನೊಂದು ಕಾದಿತ್ತು. ರಕ್ತ ಕೆಲವು ದಿನ ನಿಂತು, ಸೊಸೆಗೆ ಮತ್ತೆ ಓಕರಿಕೆ ಶುರುವಾಗಿದ್ದನ್ನು ಕೆಂಚಕ್ಕ ಗಮನಿಸಿದ್ದಳು. ಆಶಾ ಕಾರ್ಯಕರ್ತೆಯನ್ನು ಕೇಳಿ ಬಸಿರು ಪರೀಕ್ಷೆಯ ಪಟ್ಟಿ ತರಿಸಿಟ್ಟಿದ್ದಳು. ಬೇಡವೆಂದರೂ ಬಿಡದೆ ಸೊಸೆಯ ಕೈಗೆ ಕೊಟ್ಟಳು. ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಿದವು.

ಕೆಂಚಕ್ಕನ ಕಣ್ಣಲ್ಲಿ ನೀರು ತುಂಬಿತು. "ಹೋದದ್ದು ತಿರುಗಿ ಬಂತು ಕಣೇ!"

"ಅತ್ತೆ, ಅದು ಬಸಿರಲ್ಲ. ಆ ಗಡ್ಡೆನೇ ಹಂಗೆ ತೋರಿಸ್ತೈತೆ. ಡಾಕ್ಟ್ರು ಹೇಳಿದ್ರಲ್ಲ."

"ಯಾವ ಗಡ್ಡೆ?"

ನೇತ್ರಾವತಿ ಗಂಡನ ಕಡೆ ನೋಡಿದಳು. ದಯಾನಂದ ಆಟೋದ ಚಕ್ರದಲ್ಲಿ ಗಾಳಿ ನೋಡುವವನಂತೆ ಬಗ್ಗಿದ. ಇವನು ಏನನ್ನೂ ಹೇಳಿಲ್ಲ ಎಂಬುದು ಅವಳಿಗೆ ತಿಳಿದದ್ದು ಆಗ. ಈಗ ಅವಳೇ ಹೇಳಹೊರಟರೆ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ದೇವರು ಕೊಟ್ಟದ್ದನ್ನ ಗಡ್ಡೆ ಅಂತೀಯೇನೇ? ಬಿಡ್ತು ಅನ್ನು," ಎಂದು ಕೆಂಚಕ್ಕ ಗದರಿದಳು. ಜುಂಜಯ್ಯ ಜಗಲಿಯ ಮೇಲಿಂದಲೇ ತೀರ್ಮಾನ ಹೇಳಿದ: "ದುರ್ಗಕ್ಕೆ ಇನ್ನು ಹೋಗಂಗಿಲ್ಲ. ಒಂದನ್ನ ತೆಗೆದು ಚೆಲ್ಲಿದ್ರು. ಇದನ್ನೂ ತೆಗೆದು ಚೆಲ್ತಾರೆ."

ಕೆಂಚಕ್ಕ ಅವಳನ್ನು ಹೊಸದುರ್ಗದ ಒಂದು ಕ್ಲಿನಿಕ್ಕಿಗೆ ಕರೆದೊಯ್ದಳು. ತವರಿನ ಕಡೆಯ ಊರು, ನಾಲ್ಕು ಜನ ಗುರುತಿನವರು ಇರುವ ಜಾಗ, ಅಲ್ಲಾದರೂ ತನ್ನ ಮಾತು ನಡೆದೀತು ಎಂದು ನೇತ್ರಾವತಿಗೆ ಆಸೆ ಇತ್ತು. ಅಲ್ಲಿಯ ಡಾಕ್ಟರು ಪಟ್ಟಿ ನೋಡಿದರು, ರೆಪ್ಪೆ ಬಿಡಿಸಿ ನೋಡಿದರು, ವಿಟಮಿನ್ ಮಾತ್ರೆ ಬರೆದರು. ಅವಳು ಗೊಂಚಲಿನ ವಿಷಯವನ್ನೆಲ್ಲ ಹೇಳಿದಳು.

"ಅದು ಹೋಯ್ತಲ್ಲಮ್ಮ. ಇದು ಹೊಸದು," ಎಂದರು ಅವರು. "ಇನ್ನೂ ಎಳೆ ಬಸಿರು. ಮಲಗಿ ವಿಶ್ರಾಂತಿ ತಗೋ. ಹಳೇದನ್ನೇ ನೆನೆಸ್ಕೊಂಡು ಹೆದರ್ಕೋಬೇಡ."

"ಒಂದು ಸಲ ಸ್ಕ್ಯಾನಿಂಗ್ ಮಾಡ್ಸಿ ಸಾರ್."

"ಇಷ್ಟು ಬೇಗ ಏನೂ ಕಾಣಲ್ಲ. ಮುಂದಿನ ತಿಂಗಳು ನೋಡೋಣ."

ದುರ್ಗದ ಮುಂದಿನ ವಾರ ಹೋಗಿ ಇಲ್ಲಿ ಮುಂದಿನ ತಿಂಗಳು ಬಂತು. ಹೊರಗೆ ಬಂದು ನೇತ್ರಾವತಿ ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತು ಅತ್ತಳು. ಪಕ್ಕದಲ್ಲಿ ಕೆಂಚಕ್ಕ ಸೆರಗಿನಿಂದ ಅವಳ ಮುಖ ಒರೆಸಿ, "ಅಳಬ್ಯಾಡ ಕಣವ್ವ, ಬಸುರಿ ಅಳಬಾರದು" ಎಂದಳು. ಆ ಕೈಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನೇತ್ರಾವತಿಗೆ ಅದನ್ನು ತಳ್ಳಲೂ ಆಗಲಿಲ್ಲ, ತಡೆದುಕೊಳ್ಳಲೂ ಆಗಲಿಲ್ಲ. ಬೈಯುವ ಅತ್ತೆಯಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅವಳು ಗಂಡನ ಮೇಲೆ ಹರಿಹಾಯ್ದಳು. ಅವನು, "ಅವ್ವಗೆ ಹೇಳ್ತೀನಿ, ಸಮಯ ನೋಡಿ ಹೇಳ್ತೀನಿ" ಎನ್ನುತ್ತಲೇ ದಿನ ದೂಡಿದ. ಹಿರಿಯೂರಿಗೆ ಹೋಗಾಣ ಎಂದರೆ ಬಾಡಿಗೆ ಇದೆ, ಸಂತೆ ಇದೆ ಎನ್ನುತ್ತಿದ್ದ. ಒಬ್ಬಳೇ ಹೋಗಲು ಒಂದು ಬೆಳಿಗ್ಗೆ ಹೊರಟಳು. ಜುಂಜಯ್ಯ ದಾರಿಗೆ ಅಡ್ಡ ನಿಂತು, ಹಟ್ಟಿಯ ನಾಲ್ಕು ಜನರ ಮುಂದೆ, "ಈ ಹೆಣ್ಣು ನಮ್ಮ ವಂಶ ತೆಗೀಬೇಕು ಅಂತ ಹೊರಟೈತೆ ನೋಡ್ರಪ್ಪ" ಎಂದ. ಅವಳು ಅವತ್ತು ತಿರುಗಿ ಬಂದಳು. ಮಿಷನ್ನಿನ ಮುಂದೆ ಕೂತು, ಯಾರದೋ ಹೊಸ ರವಿಕೆಯ ತೋಳನ್ನು ತಪ್ಪಾಗಿ ಕತ್ತರಿಸಿಬಿಟ್ಟಳು.

ಇದಾಗಿ ಕೆಲವು ದಿನಕ್ಕೆ ಅಂಗಡಿಯಲ್ಲೇ ಅವಳಿಗೆ ರಕ್ತ ಜೋರಾಗಿ ಹೋಯಿತು. ಸುದ್ದಿ ಕೇಳಿ ಕೆಂಚಕ್ಕ ಓಡುತ್ತ ಬಂದಳು, ಹಿಂದೆಯೇ ದಯಾನಂದ ಗಾಡಿ ತಂದು ನಿಲ್ಲಿಸಿದ. ನೇತ್ರಾವತಿ ಗೋಡೆಗೆ ಒರಗಿ ಕೂತಿದ್ದಳು, ಮುಖ ಬಿಳಿಚಿತ್ತು.

"ಕೂಸು ಹೋಗ್ತೈತೆ ಕಣೇ, ಹೊಸದುರ್ಗಕ್ಕೆ ಹೋಗಾಣ ಏಳು," ಎಂದಳು ಕೆಂಚಕ್ಕ.

"ಹೊಸದುರ್ಗಕ್ಕೆ ಬರಕಿಲ್ಲ," ಎಂದಳು ನೇತ್ರಾವತಿ. "ಅತ್ತೆ, ಕೂಸು ಐತೆ ಅಂತ ನೀವಂತೀರಿ. ಇಲ್ಲ ಅಂತ ನಾನಂತೀನಿ. ಹಿರಿಯೂರಿಗೆ ಹೋಗಾಣ ಬರ್ರಿ. ನಿಮ್ಮ ಕಣ್ಣಿಂದಲೇ ನೋಡ್ರಿ. ಐತೆ ಅಂದ್ರೆ ನೀವು ಹೇಳಿದಂಗೆ ಒಂಬತ್ತು ತಿಂಗಳೂ ಮಲಗ್ತೀನಿ. ಇಲ್ಲ ಅಂದ್ರೆ ಆಮೇಲೆ ನನ್ನ ಮಾತು ನಡೀಬೇಕು."

ಕೆಂಚಕ್ಕ ಅವಳನ್ನು ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಹೊರಗೆ ನಿಂತಿದ್ದ ಮಗನಿಗೆ, "ಲೇ, ಗಾಡಿ ತಿರುಗಿಸು" ಎಂದಳು.

ಮೂವರೂ ಲಗೇಜ್ ಆಟೋದ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತರು. ಹೆದ್ದಾರಿಯ ಮೇಲೆ ಲಾರಿಗಳ ಗಾಳಿಗೆ ಗಾಡಿ ಅಲುಗುತ್ತಿತ್ತು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ, ಇಲ್ಲಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ ಎಂಬ ದೊಡ್ಡ ಬೋರ್ಡು ಇತ್ತು. ಅದನ್ನು ಓದಿ ನೇತ್ರಾವತಿಗೆ ನಗು ಬಂತು. ದಯಾನಂದ ಬೆಚ್ಚಿ ಅವಳ ಮುಖ ನೋಡಿದ.

ಮಮತಾ ಡಾಕ್ಟರು ನಡುವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಶರಣ್ ಅವರ ಚೀಟಿ ಓದಿ, ತಾರೀಖು ನೋಡಿ, "ಇಷ್ಟು ದಿನ ಏನ್ಮಾಡ್ತಿದ್ರಿ?" ಎಂದರು. ಹೇಳಹೊರಟರೆ ಸಂಜೆಯಾಗುತ್ತಿತ್ತು. ನೇತ್ರಾವತಿ ಅತ್ತೆಯನ್ನು ಒಳಗೆ ಬಿಡಬೇಕೆಂದು ಮಾತ್ರ ಕೇಳಿಕೊಂಡಳು. ಯಾರನ್ನೂ ಬಿಡುವ ಪದ್ಧತಿ ಇಲ್ಲವೆಂದು ನರ್ಸು ಹೇಳಿದಳು. ನೇತ್ರಾವತಿ ಬಾಗಿಲಲ್ಲೇ ನಿಂತುಬಿಟ್ಟಳು. "ಅವರು ಬರದಿದ್ರೆ ನಾನೂ ಮಲಗಕಿಲ್ಲ ಮೇಡಂ. ಅವರು ನೋಡ್ಲೇಬೇಕು."

ಮಮತಾ ಅವಳ ಮುಖವನ್ನೂ, ಮುದುಕಿಯ ಮುಖವನ್ನೂ ನೋಡಿದರು. "ಬರ್ಲಿ," ಎಂದರು.

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು. ಪರದೆಯ ಮೇಲೆ ಬೂದು ಮಸುಕು. ಡಾಕ್ಟರು ಉಪಕರಣವನ್ನು ಹಾಗೆ ಹೀಗೆ ಆಡಿಸಿದರು. ಆಮೇಲೆ ಒಂದು ಗುಂಡಿ ಒತ್ತಿದರು. ಬೂದು ಬಣ್ಣದ ನಡುವೆ ಒಂದು ಕಡೆ ಕೆಂಪು, ನೀಲಿ, ಹಳದಿ ಚುಕ್ಕೆಗಳು ಕಿಕ್ಕಿರಿದು ಕುದಿಯತೊಡಗಿದವು. ಇನ್ನೊಂದು ಗುಂಡಿ ಒತ್ತಿದಾಗ ಕೋಣೆಯ ತುಂಬ ಸದ್ದು ಬಂತು. ಝೂಂವ್, ಝೂಂವ್, ಝೂಂವ್.

ಕೆಂಚಕ್ಕ ಎರಡೂ ಕೈ ಜೋಡಿಸಿದಳು. "ಕೇಳ್ತೇನೇ? ಕೂಸಿನ ಎದೆ ಬಡೀತೈತೆ! ಅಯ್ಯೋ ನಮ್ಮಪ್ಪ, ಬದುಕೈತೆ!"

ನೇತ್ರಾವತಿ ಕಣ್ಣು ಮುಚ್ಚಿದಳು. ಒಂದು ಕ್ಷಣ ಅವಳಿಗೂ ಹಾಗೇ ಅನ್ನಿಸಿತು. ಎಲ್ಲರೂ ತಪ್ಪಾಗಿ, ಅತ್ತೆಯೊಬ್ಬಳೇ ಸರಿಯಾಗಿರಬಾರದೇಕೆ ಎನ್ನಿಸಿತು.

ಮಮತಾ ಸದ್ದನ್ನು ಆರಿಸಲಿಲ್ಲ. "ಅಮ್ಮ, ಇಲ್ಲಿ ಬನ್ನಿ. ನಿಮ್ಮ ಸೊಸೆ ಕೈ ಹಿಡ್ಕೊಳ್ಳಿ. ಇಲ್ಲಿ, ಮಣಿಕಟ್ಟಿನ ಹತ್ತಿರ. ನಾಡಿ ಸಿಕ್ತಾ?"

"ಸಿಕ್ತವ್ವ."

"ಈಗ ಈ ಸದ್ದು ಕೇಳಿ. ಕೈಯಲ್ಲಿ ಬಡಿದಾಗಲೇ ಇದೂ ಬಡೀತಿದೆಯಾ?"

ಕೆಂಚಕ್ಕ ತಲೆ ವಾಲಿಸಿ ಕೇಳಿದಳು. ತುಟಿ ಅಲುಗುತ್ತಿತ್ತು. ಬಹಳ ಹೊತ್ತು ಕೈ ಬಿಡಲಿಲ್ಲ. "ಎರಡೂ ಒಂದೇ," ಎಂದಳು ಕಡೆಗೆ.

"ಕೂಸಿದ್ದಿದ್ರೆ ಅದರ ಎದೆ ತಾಯಿ ನಾಡಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಜೋರಾಗಿ ಓಡ್ತಿತ್ತು. ಇದು ಕೂಸಿನದಲ್ಲಮ್ಮ. ಇದು ಇವಳದೇ ರಕ್ತ. ಇಷ್ಟು ಹೊತ್ತು ಹುಡುಕಿದೆ, ಒಳಗೆ ಕೂಸಿನ ಚೀಲ ಕೂಡ ಇಲ್ಲ." ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. ಅಲ್ಲಿ ಅಲೆಗಳ ಸಾಲು ಓಡುತ್ತಿತ್ತು. "ಬಸಿರಲ್ಲದ ಹೆಂಗಸಿಗೆ ಈ ರಕ್ತನಾಳದಲ್ಲಿ ಒಂದು ಬಡಿತಕ್ಕೆ ರಕ್ತ ನುಗ್ಗಿ, ಇನ್ನೊಂದು ಬಡಿತ ಬರೋವರೆಗೆ ಸಣ್ಣಗಾಗಬೇಕು. ಹೆಚ್ಚುಕಮ್ಮಿ ನಿಂತಂಗೆ. ಇಲ್ಲಿ ನೋಡಿ, ನಡುವೆ ನಿಲ್ಲೋದೇ ಇಲ್ಲ. ಕಟ್ಟೆ ಇಲ್ಲದ ಕಾಲುವೆ ಥರ ಹರೀತಾನೇ ಇದೆ. ಗರ್ಭಕೋಶದ ಗೋಡೆಯಲ್ಲಿ ಕೂತಿರೋ ಗಡ್ಡೆ ಅದನ್ನೆಲ್ಲ ಕುಡೀತಿದೆ."

ಕೆಂಚಕ್ಕ ಪರದೆಯನ್ನೇ ನೋಡುತ್ತ ನಿಂತಳು. "ಹಂಗಾದ್ರೆ ಮೊದಲಿನದು? ದುರ್ಗದಲ್ಲಿ ತೆಗೆದದ್ದು?"

"ಅದ್ರಲ್ಲೂ ಕೂಸಿರಲಿಲ್ಲ ಅಂತ ಈ ಚೀಟೀಲಿ ಬರೆದಿದ್ದಾರಮ್ಮ. ನಿಮ್ಮ ಮಗನಿಗೆ ವಿವರವಾಗಿ ಹೇಳಿದೀವಿ ಅಂತಾನೂ ಬರೆದಿದ್ದಾರೆ."

ಹೊರಗೆ ದಯಾನಂದ ಗಾಡಿಗೆ ಒರಗಿ ನಿಂತಿದ್ದ. ಕೆಂಚಕ್ಕ ಅವನ ಎದುರಿಗೆ ಹೋಗಿ ನಿಂತಳು.

"ನಿಂಗೆ ಗೊತ್ತಿತ್ತೇನೋ?"

"ನಿಂಗೆ ದುಃಖ ಆಗ್ತೈತೆ ಅಂತ..."

"ಇವಳಿಗೆ ಆಗ್ತಿರ್ಲಿಲ್ವೇನೋ?" ಕೆಂಚಕ್ಕನ ಧ್ವನಿ ಬಿರಿಯಿತು. "ಎಷ್ಟು ದಿನದಿಂದ ನನ್ನ ಕೈಲಿ ಇವಳಿಗೆ ವಿಷ ಹಾಕಿಸ್ತಿದ್ದೀಯಲ್ಲೋ, ಸುಮ್ಮನೆ ನಿಂತು!"

ಅವಳು ಮುಂದೆ ಕೂರಲಿಲ್ಲ. ಕುರಿ ತುಂಬುವ ಹಿಂದಿನ ಜಾಗಕ್ಕೆ ಹತ್ತಿ, ಕಬ್ಬಿಣದ ಸರಳು ಹಿಡಿದು ಕೂತಳು. ಮುಂದೆ ಗಂಡ ಹೆಂಡತಿ ಇಬ್ಬರೇ. ನೇತ್ರಾವತಿಗೆ ಗೆದ್ದ ಸಂತೋಷ ಒಂದು ಚೂರೂ ಇರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಎಲ್ಲರಿಗೂ ಸಾಬೀತು ಮಾಡಲು ಇಷ್ಟು ಹೆಣಗಬೇಕಾಯಿತಲ್ಲ ಎಂಬ ಸಂಕಟವೊಂದೇ.

"ನೀವು ಒಂದು ಮಾತು ಆಡಿದ್ರೆ ಸಾಕಿತ್ತು," ಎಂದಳು ಗಂಡನಿಗೆ. "ಒಂದೇ ಒಂದು ಮಾತು." ದುರ್ಗ ಬರುವವರೆಗೂ ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಚಿಕಿತ್ಸೆ ದುರ್ಗದಲ್ಲೇ ಶುರುವಾಯಿತು. ಶರಣ್ ಡಾಕ್ಟರು ಬೆಂಗಳೂರಿನ ಕ್ಯಾನ್ಸರ್ ತಜ್ಞರೊಡನೆ ಮಾತಾಡಿ ಚುಚ್ಚುಮದ್ದು ಗೊತ್ತುಮಾಡಿದರು. ಗಡ್ಡೆ ಬೇರೆ ಕಡೆ ಹರಡಿರಲಿಲ್ಲ. ಇದು ವಾಸಿಯಾಗುವ ಕಾಯಿಲೆ ಎಂದು ಮತ್ತೆ ಮತ್ತೆ ಹೇಳಿದರು. ರಕ್ತದ ಓಟ ಅಷ್ಟು ಜೋರಾಗಿದ್ದರೆ ಮೊದಲ ಔಷಧಿಗೆ ಬಗ್ಗದೆಯೂ ಇರಬಹುದೆಂದು ಮಮತಾ ಎಚ್ಚರಿಸಿದ್ದರು. ಆದರೂ ಸೌಮ್ಯವಾದದ್ದರಿಂದಲೇ ಶುರು ಮಾಡುವುದು ಕ್ರಮ, ನೋಡೋಣ ಎಂದರು ಶರಣ್.

ನೋಡೋಣ ಎಂಬ ಮಾತು ಕೇಳಿದರೆ ಈಗ ಅವಳಿಗೆ ಮೈ ಉರಿಯುತ್ತಿತ್ತು. ಚುಚ್ಚುಮದ್ದಿಗೆ ಬಾಯಿಯೆಲ್ಲ ಹುಣ್ಣಾಯಿತು. ಮುದ್ದೆ ಇರಲಿ, ಮಜ್ಜಿಗೆ ನುಂಗಲೂ ಆಗುತ್ತಿರಲಿಲ್ಲ. ಸೋಂಕು ತಗುಲಬಾರದು, ಚೊಕ್ಕಟವಾದ ಜಾಗದಲ್ಲಿ ಬೆಚ್ಚಗೆ ಮಲಗಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಹಟ್ಟಿಗೆ ಬಂದರೆ ರಕ್ತ ಇನ್ನೂ ನಿಂತಿಲ್ಲ, ಆದ್ದರಿಂದ ಅದೇ ಹೊರಗಿನ ಕೋಣೆ.

ಕೆಂಚಕ್ಕ ಗಂಡನೊಡನೆ ಮಾತಿಗೆ ನಿಂತಳು. "ಇವಳು ಮುಟ್ಟಾಗಿಲ್ಲ. ಗಡ್ಡೆಯ ರಕ್ತ ಅದು. ಕಾಲಿಗೆ ಗಾಯ ಆದ್ರೆ ಹೊರಗೆ ಹಾಕ್ತೀರೇನು? ಒಳಗೆ ಮಲಗಿಸ್ತೀನಿ."

"ರಕ್ತ ಯಾವ್ದಾದ್ರೇನು, ಎಲ್ಲಿಂದ ಬರ್ತೈತೆ ಅಂತ ನೋಡ್ಬೇಕು," ಎಂದ ಜುಂಜಯ್ಯ. "ಇದು ನನ್ನ ಮಾತಲ್ಲ ಕಣೇ, ಹಟ್ಟಿ ಮಾತು. ನಾನು ಮುರಿದ್ರೆ ನಾಳೆ ಎಲ್ಲರೂ ಮುರೀತಾರೆ."

ಕೆಂಚಕ್ಕ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗಿನ ಕೋಣೆಗೆ ಬಂದು ಸೊಸೆಯ ಪಕ್ಕ ಮಲಗಿದಳು. ಜೀವಮಾನವಿಡೀ ಆ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ನಡೆಸಿದ್ದವಳು ಅವಳೇ. ಹಟ್ಟಿಯ ಹೆಂಗಸರು ಇದನ್ನು ದೊಡ್ಡ ಮಾತಾಗಿ ಆಡಿಕೊಂಡರು. ಅತ್ತೆ ಅಂದರೆ ಹಿಂಗಿರಬೇಕು ಎಂದರು. ನೇತ್ರಾವತಿಗೆ ಅದೂ ಸಿಟ್ಟೇ ಬಂತು.

"ನಂಗೆ ಜೊತೆ ಬೇಕಿಲ್ಲ ಅತ್ತೆ," ಎಂದಳು, ಹುಣ್ಣಾದ ಬಾಯಿಯಿಂದ ಕಷ್ಟಪಟ್ಟು. "ನಂಗೆ ನನ್ನ ಮಂಚ ಬೇಕು."

ಬೆಳಗಾಗುತ್ತಲೇ ಕೆಂಚಕ್ಕ ದಯಾನಂದನನ್ನು ಕರೆದು, ಮಂಚವನ್ನು ಗಾಡಿಗೆ ಹಾಕಿಸಿದಳು. ಹೊಲಿಗೆ ಅಂಗಡಿಯ ಹಿಂದೆ ಬಟ್ಟೆ ಗಂಟು ಇಡುವ ಒಂದು ಕೋಣೆ ಇತ್ತು. ಅದನ್ನು ತೊಳೆದು, ಸುಣ್ಣ ಬಳಿದು, ಮಂಚ ಹಾಕಿದರು. ಅತ್ತೆ ಸೊಸೆ ಇಬ್ಬರೂ ಅಲ್ಲೇ ಉಳಿದರು. ದಯಾನಂದ ರಾಗಿ ಹಿಟ್ಟು, ಹಾಲು ತಂದುಕೊಟ್ಟು ಹೋಗುತ್ತಿದ್ದ, ಕೆಲವು ವಾರಗಳ ನಂತರ ಅವನೂ ಅಂಗಡಿಯ ಮುಂಭಾಗದಲ್ಲಿ ಚಾಪೆ ಹಾಸತೊಡಗಿದ. ಹಟ್ಟಿಯಲ್ಲಿ ಜುಂಜಯ್ಯ ತಾನೇ ಮುದ್ದೆ ತಿರುವಿಕೊಂಡು ಉಣ್ಣುತ್ತಿದ್ದ. ತಾಳ್ಯಕ್ಕೆ ಬಂದರೂ ರಸ್ತೆಯಾಚೆ ನಿಂತು ಅಂಗಡಿಯ ಕಡೆ ಒಮ್ಮೆ ನೋಡಿ ಹೋಗುತ್ತಿದ್ದ, ದಾಟಿ ಬರುತ್ತಿರಲಿಲ್ಲ.

ಮೊದಲ ಔಷಧಿ ಅರ್ಧಕ್ಕೇ ಸೋತಿತು. ಹಾರ್ಮೋನು ಸ್ವಲ್ಪ ಇಳಿದು ಮತ್ತೆ ನಿಂತಿತು. ಹಿರಿಯೂರಿಗೆ ಹೋಗಿ ಮತ್ತೆ ಡಾಪ್ಲರ್ ಮಾಡಿಸಿದರೆ ರಕ್ತ ಇನ್ನೂ ಅದೇ ಬಿರುಸಿನಲ್ಲಿ ಓಡುತ್ತಿತ್ತು. ಔಷಧಿ ಬದಲಾಯಿತು. ಈ ಸಲ ಕೂದಲೂ ಉದುರಿತು. ನೇತ್ರಾವತಿ ಉಳಿದ ಜಡೆಯನ್ನು ತಾನೇ ಹೊಲಿಗೆಯ ಕತ್ತರಿಯಿಂದ ಕತ್ತರಿಸಿ ಹಾಕಿದಳು. ಹುಷಾರಿರುವ ದಿನ ಹೊಲಿದಳು, ಇಲ್ಲದ ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಆಸ್ಪತ್ರೆಯಲ್ಲಿ ಮಾತ್ರ ಈಗ ಯಾರೂ ಅವಳಿಗೆ ಮುಂದಿನ ವಾರ ಎನ್ನುತ್ತಿರಲಿಲ್ಲ. ಅವಳ ಮುಖ ಕಂಡರೆ ಕೌಂಟರಿನವನು ಎದ್ದು ಒಳಗೆ ಹೋಗಿ ಕೇಳಿ ಬರುತ್ತಿದ್ದ. ಇಷ್ಟನ್ನು ಪಡೆಯಲು ಮನುಷ್ಯ ಎಷ್ಟು ಕೂಗಬೇಕು ಎಂದು ಅವಳು ಕೆಂಚಕ್ಕನ ಹತ್ತಿರ ಗೊಣಗುತ್ತಿದ್ದಳು.

ಎರಡನೇ ಔಷಧಿಗೆ ಗಡ್ಡೆ ಬಗ್ಗಿತು. ಹಾರ್ಮೋನು ಇಳಿಯಿತು, ಇಳಿಯುತ್ತಲೇ ಹೋಗಿ ಇಲ್ಲವಾಯಿತು. ಡಾಪ್ಲರಿನಲ್ಲಿ ಬಣ್ಣದ ಕುದಿತ ಆರಿ, ಗರ್ಭಕೋಶದ ಗೋಡೆ ಬರಿಯ ಬೂದಾಗಿ ಕಂಡಿತು. ರಕ್ತ ಹೋಗುವುದು ನಿಂತಿತು. ಇನ್ನೊಂದು ವರ್ಷ ಬಸಿರಾಗಬಾರದು, ಆಗಾಗ ರಕ್ತ ಪರೀಕ್ಷೆ ಬಿಡಬಾರದು ಎಂದು ಶರಣ್ ಕಟ್ಟುನಿಟ್ಟಾಗಿ ಹೇಳಿದರು. ಆ ವರ್ಷವೂ ಕಳೆಯಿತು. ಈಚೆಗೆ ಕೊನೆಯ ರಿಪೋರ್ಟು ನೋಡಿ ಅವರು, "ಇನ್ನು ನೀವು ಮಗು ಬೇಕು ಅಂದ್ರೆ ನೋಡಬಹುದು" ಎಂದರು.

"ತಿರುಗಿ ಹಿಂಗೇ ಆದ್ರೆ?" ಎಂದು ಕೇಳಿದಳು ನೇತ್ರಾವತಿ.

"ಆಗೋದು ಅಪರೂಪ. ಬೇರೆಯವರಿಗಿಂತ ನಿಮಗೆ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೇ ಬಸಿರು ಅಂತ ಗೊತ್ತಾದ ಕೂಡ್ಲೆ ಸ್ಕ್ಯಾನಿಂಗಿಗೆ ಬನ್ನಿ."

ದಯಾನಂದ ಹೊರಗೆ ಬರುತ್ತಲೇ ಉತ್ಸಾಹದ ಮೇಲಿದ್ದ. "ನೇತ್ರ, ಹೋಗಾಣ, ಅಪ್ಪಗೆ ಸುದ್ದಿ ಹೇಳಾಣ."

"ಹೇಳಾಣ," ಎಂದಳು ಅವಳು. "ನಾನು ಹೇಳ್ತೀನಿ. ನೀವು ನಡುವೆ ಬಾಯಿ ಹಾಕಬ್ಯಾಡ್ರಿ."

ಹಟ್ಟಿಯಲ್ಲಿ ಜುಂಜಯ್ಯನ ಜಗಲಿಯ ಮೇಲೆ ನಾಲ್ಕಾರು ಜನ ಕೂತಿದ್ದರು. ಕೆಂಚಕ್ಕನೂ ಜೊತೆಗೆ ಬಂದಿದ್ದಳು. ನೇತ್ರಾವತಿ ನಿಂತೇ ಹೇಳಿದಳು. ದುರ್ಗದಲ್ಲಿ ತೆಗೆದದ್ದು ಕೂಸಲ್ಲ ಎಂದು, ಆಮೇಲೆ ಬಂದ ಎರಡು ಗೆರೆಯೂ ಕೂಸಲ್ಲ ಎಂದು, ತಾನು ಯಾರ ವಂಶವನ್ನೂ ತೆಗೆಯಲು ಹೊರಟಿರಲಿಲ್ಲ ಎಂದು, ತಡಮಾಡಿದ್ದರಿಂದ ತನ್ನ ಜೀವವೇ ಹೋಗಬಹುದಿತ್ತು ಎಂದು. ಧ್ವನಿ ಏರಿಸಲಿಲ್ಲ. ಒಂದನ್ನೂ ಬಿಡಲಿಲ್ಲ. ಕೂತಿದ್ದವರು ನೆಲ ನೋಡಿದರು. ಕೆಂಚಕ್ಕ, "ನಾನು ನನ್ನ ಕೈಯಾರೆ ನಾಡಿ ಹಿಡಿದು ನೋಡೀನಿ" ಎಂದಳು.

ಜುಂಜಯ್ಯ ಕೇಳಿಸಿಕೊಂಡ. ಟವೆಲ್ಲು ಹೆಗಲಿಂದ ತೆಗೆದು ಮಡಿಚಿದ. ಮತ್ತೆ ಬಿಡಿಸಿದ. ತಪ್ಪಾಯಿತು ಎಂಬ ಮಾತು ಬರುತ್ತದೆಂದು ಅವಳು ಕಾದಳು.

"ಉಣ್ಕಂಡು ಹೋಗು," ಎಂದ ಅವನು. "ಹೊತ್ತಾಗೈತೆ."

"ಅಂಗಡಿ ತೆಗೀಬೇಕು ಮಾವ," ಎಂದು ನೇತ್ರಾವತಿ ಬೇಲಿ ದಾಟಿ ಹೊರಟಳು. ಹಿಂದೆ ಕೆಂಚಕ್ಕ, ಅವಳ ಹಿಂದೆ ದಯಾನಂದ. ಕೂಸಿನ ಮಾತನ್ನು ದಯಾನಂದ ದಾರಿಯಲ್ಲಿ ಮತ್ತೊಮ್ಮೆ ತೆಗೆದ. ಇನ್ನೂ ತೀರ್ಮಾನ ಮಾಡಿಲ್ಲ ಎಂದಳು ನೇತ್ರಾವತಿ. ಮಾಡಿದ ದಿನ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಕೇಳಬಾರದು ಎಂದಳು. ಕೆಂಚಕ್ಕ ಮಗನ ಬೆನ್ನಿಗೆ ಕೈಯಿಂದ ತಿವಿದು, ಸುಮ್ಮನಿರು ಎಂದು ಸನ್ನೆ ಮಾಡಿದಳು.